ಸೂತ್ರ ಬಾಯಿಪಾಠ, ಷರತ್ತು ನಾಪತ್ತೆ

ಪ್ರಥಮ ಪಿಯುಸಿಯಲ್ಲಿ ಚಲನೆಯ ಪಾಠ ಶುರುವಾಗುವ ಮೊದಲೇ ಕೋಚಿಂಗಿಗೆ ಸೇರಿದ ಮಕ್ಕಳ ಕೈಗೆ ಫಾರ್ಮುಲಾ ಶೀಟ್ ಬಂದಿರುತ್ತದೆ. ಚಲನೆಯ ಮೂರು ಸಮೀಕರಣ, ಸರಾಸರಿ ಜವದ ಶಾರ್ಟ್‌ಕಟ್, ಇಂತಿಷ್ಟನೇ ಸೆಕೆಂಡಿನಲ್ಲಿ ಕ್ರಮಿಸಿದ ದೂರ, ಎಸೆದ ಚೆಂಡಿನ ವ್ಯಾಪ್ತಿ, ಎಲ್ಲ ಒಂದೇ ಹಾಳೆಯಲ್ಲಿ. ಅದನ್ನು ಪೂರಾ ತಳ್ಳಿಹಾಕುವಂತಿಲ್ಲ. ಸಿಇಟಿಯ ಭೌತಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಯಾರೂ ಮೊದಲಿನಿಂದ ಸೂತ್ರ ಸಾಧಿಸುತ್ತ ಕೂರಲಾರರು. ಆದರೆ ಆ ಹಾಳೆಯಲ್ಲಿ ಸೂತ್ರ ಇರುತ್ತದೆ, ಅದು ಯಾವಾಗ ನಡೆಯುತ್ತದೆ ಎಂಬ ಷರತ್ತು ಇರುವುದಿಲ್ಲ.

ಸರಾಸರಿ ಜವವನ್ನೇ ನೋಡಿ. ಅರ್ಧ ದೂರ ಗಂಟೆಗೆ 40 ಕಿ.ಮೀ., ಉಳಿದರ್ಧ 60 ಕಿ.ಮೀ. ಜವದಲ್ಲಿ ಹೋದರೆ ಸರಾಸರಿ 48. ಅರ್ಧ ದೂರದ ಬದಲು ಅರ್ಧ ಸಮಯ ಎಂದಿದ್ದರೆ 50. ಪ್ರಶ್ನೆಯಲ್ಲಿ ಬದಲಾಗುವುದು ಒಂದೇ ಪದ. ಶಾರ್ಟ್‌ಕಟ್ ಮಾತ್ರ ಕಲಿತವರು ಎರಡಕ್ಕೂ 48 ಎಂದೇ ಗುರುತು ಹಾಕುತ್ತಾರೆ.

ಮೂರು ಸಮೀಕರಣಗಳ ಪಾಡೂ ಇದೇ. ಅವು ನಡೆಯುವುದು ವೇಗೋತ್ಕರ್ಷ ಬದಲಾಗದೆ ಇದ್ದಾಗ ಮಾತ್ರ. ನಿಶ್ಚಲ ಸ್ಥಿತಿಯಿಂದ ಹೊರಟ ಕಣದ ವೇಗೋತ್ಕರ್ಷ ಸದಾ ಕಳೆದ ಸೆಕೆಂಡುಗಳ ಆರು ಪಟ್ಟು ಎಂದುಕೊಳ್ಳಿ. 2 ಸೆಕೆಂಡಿನ ಬಳಿಕ ವೇಗ ಎಷ್ಟು? ಆ ಕ್ಷಣದ ವೇಗೋತ್ಕರ್ಷ 12, ಅದನ್ನು 2ರಿಂದ ಗುಣಿಸಿದರೆ 24 ಎಂದು ಬರೆಯುವವರೇ ಹೆಚ್ಚು. ಸರಿಯುತ್ತರ ಸೆಕೆಂಡಿಗೆ 12 ಮೀಟರ್. ಏಕೆಂದರೆ ವೇಗೋತ್ಕರ್ಷ-ಕಾಲದ ನಕ್ಷೆಯಲ್ಲಿ ಸಿಗುವುದು ಆಯತವಲ್ಲ, ಅದರ ಅರ್ಧದಷ್ಟಿರುವ ತ್ರಿಭುಜ. ನಕ್ಷೆ ಬಿಡಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಇನ್ನೊಂದು ಲೆಕ್ಕ. 25 ಮೀಟರ್ ಎತ್ತರದ ಗೋಪುರದ ತುದಿಯಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದಾರೆ. ಗುರುತ್ವದ ವೇಗೋತ್ಕರ್ಷ 10 ಎಂದಿಟ್ಟುಕೊಂಡರೆ ನೆಲ ಮುಟ್ಟುವುದು ಯಾವಾಗ? ಇದನ್ನು ತುಂಡು ಮಾಡಿ ಕಲಿಸುವುದು ರೂಢಿ: ಏರಲು 2 ಸೆಕೆಂಡು, ಇಳಿಯಲು 3, ಒಟ್ಟು 5. ಉತ್ತರ ಸರಿ. ಆದರೆ ಮೇಲ್ಮುಖವನ್ನು ಧನ, ಕೆಳಮುಖವನ್ನು ಋಣ ಎಂದು ಒಮ್ಮೆ ನಿಶ್ಚಯಿಸಿ, ಸ್ಥಾನಪಲ್ಲಟವನ್ನು ಋಣ 25 ಎಂದು ಬರೆದರೆ ಒಂದೇ ಸಮೀಕರಣ ಸಾಕು. ಅದಕ್ಕೆ ಎರಡು ಉತ್ತರ ಬರುತ್ತವೆ: 5 ಮತ್ತು ಋಣ 1. ತರಗತಿಯಲ್ಲಿ ಎರಡನೆಯದನ್ನು ‘ಸಮಯ ಋಣವಾಗುವುದಿಲ್ಲ’ ಎಂದು ಹೊಡೆದುಹಾಕುತ್ತಾರೆ. ಅದಕ್ಕೂ ಅರ್ಥವಿದೆ. ಅದೇ ಚೆಂಡನ್ನು 1 ಸೆಕೆಂಡು ಮೊದಲೇ ನೆಲದಿಂದ 30 ಮೀಟರ್ ವೇಗದಲ್ಲಿ ಎಸೆದಿದ್ದರೆ, ಗೋಪುರದ ತುದಿ ದಾಟುವಾಗ ಅದರ ವೇಗ ಸರಿಯಾಗಿ 20 ಇರುತ್ತಿತ್ತು. ಇದನ್ನು ವಿವರಿಸಲು ಎರಡು ನಿಮಿಷ ಬೇಕು, ಅಷ್ಟೆ. ಒಮ್ಮೆ ತಿಳಿದವರು ಚಿಹ್ನೆಗೆ ಮತ್ತೆಂದೂ ಹೆದರುವುದಿಲ್ಲ.

ಇಂತಿಷ್ಟನೇ ಸೆಕೆಂಡಿನ ಸೂತ್ರವಂತೂ ಉರು ಹೊಡೆಯುವವರಿಗೆ ದೊಡ್ಡ ತಲೆನೋವು. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 5, ಎರಡನೆಯದರಲ್ಲಿ 15, ಮೂರನೆಯದರಲ್ಲಿ 25 ಮೀಟರ್ ಬೀಳುತ್ತದೆ. 1, 3, 5 ಎಂಬ ಈ ಬೆಸಸಂಖ್ಯೆಗಳ ಅನುಪಾತವನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ಪ್ರಕಟಿಸಿದ್ದ. ವೇಗ-ಕಾಲದ ನಕ್ಷೆಯ ಕೆಳಗಿನ ಜಾಗವನ್ನು ಸಮಾನ ತ್ರಿಭುಜಗಳಾಗಿ ಕತ್ತರಿಸಿದರೆ ಅದು ಕಣ್ಣಿಗೇ ಕಾಣುತ್ತದೆ.

ಫಾರ್ಮುಲಾ ಶೀಟ್ ಪುನರಾವರ್ತನೆಗೆ ಒಳ್ಳೆಯದು, ಕಲಿಕೆಗೆ ಕೆಟ್ಟದ್ದು. ಮೊದಲು ನಕ್ಷೆ, ಆಮೇಲೆ ಚಿಹ್ನೆ, ಕೊನೆಗೆ ಸೂತ್ರ ಎಂಬ ಕ್ರಮವನ್ನು ಉಪನ್ಯಾಸಕರು ಪಾಲಿಸಬೇಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಹಾಗಾಗಿ ವಿದ್ಯಾರ್ಥಿಗಳು ಇವತ್ತೇ ತಮ್ಮ ಹಾಳೆ ತೆಗೆದು, ಪ್ರತಿ ಸೂತ್ರದ ಎದುರು ಅದರ ಷರತ್ತನ್ನು ತಮ್ಮ ಕೈಯಿಂದಲೇ ಬರೆದುಕೊಳ್ಳಲಿ.