ಒಂದು ಕಾಲೇಜಿನ ಜಾಸ್

ಕಾಲೇಜೊಂದು ಜಾಸ್ ರೆಕಾರ್ಡು ಮಾಡಿತೆಂದರೆ ಅದು ಅಮೆರಿಕದ ಸುದ್ದಿಯೇ ಇರಬೇಕೆಂದು ನಮ್ಮವರ ಎಣಿಕೆ. ನಮ್ಮ ಚನ್ನಪಟ್ಟಣದಿಂದ ಸುಮಾರು 60 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆ ಕೆಲಸ ಮಾಡಿದೆಯೆಂಬುದು ನನಗೂ ಬಹಳ ತಡವಾಗಿ ತಿಳಿಯಿತು. ರೆಕಾರ್ಡಿನ ಹೆಸರು ‘ಜ್ಯೋತಿ’. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಮುದ್ರಣವಾದದ್ದು. ಹೊರತಂದವರು ಇಸಿಎಂ ಕಂಪನಿಯವರು.

ಮೇಲುಹೊದಿಕೆಯ ಮೇಲೆ ಮೊದಲು ಕಾಣುವ ಹೆಸರು ಚಾರ್ಲಿ ಮರಿಯಾನೊ. ಕಾಲೇಜಿನ ಹೆಸರು ಅದರ ಹಿಂದೆ. ಮರಿಯಾನೊ ಸಾಮಾನ್ಯರಲ್ಲ. ಬಾಸ್ಟನ್ ನಗರದವರು, 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ ನುಡಿಸಿದವರು, ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತವರು. ಆದರೂ ಈ ಆರು ರಚನೆಗಳನ್ನು ಕೇಳಿದವನಿಗೆ ಅತಿಥಿ ಯಾರು, ಮನೆಯವರು ಯಾರು ಎಂಬ ಸಂಶಯ ಉಳಿಯದು. ರಚನೆಗಳೆಲ್ಲ ಆರ್. ಎ. ರಮಾಮಣಿಯವರವು. ಮೊದಲನೆಯದೇ ಅವರ ಕಂಠ. ಆ ದನಿಯಲ್ಲಿ ಕಚೇರಿಯ ಗತ್ತಿಲ್ಲ. ಮನೆಯಲ್ಲಿ ಬೆಳಗಿನ ಜಾವ ಒಬ್ಬರೇ ಹಾಡಿಕೊಳ್ಳುವಾಗಿನ ನೆಮ್ಮದಿ ಇದೆ. ಹೆಸರಿನ ವಿಷಯದಲ್ಲಿ ಅನ್ಯಾಯವಾಗಿದೆಯೆಂದೇ ನನ್ನ ಅಭಿಪ್ರಾಯ. ಮಾರುವವರಿಗೆ ಅವರದೇ ಲೆಕ್ಕವಿರುತ್ತದೆ, ಇರಲಿ.

ಮರಿಯಾನೊ ಇಲ್ಲಿ ಸೊಪ್ರಾನೊ ಸ್ಯಾಕ್ಸೋಫೋನ್ ಮತ್ತು ಕೊಳಲು ನುಡಿಸಿದ್ದಾರೆ. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಪಳಗಿಸಿ ಗಮಕಕ್ಕೆ ಬಗ್ಗಿಸಿದರು. ಮರಿಯಾನೊ ಆ ದಾರಿ ಹಿಡಿಯಲಿಲ್ಲ. ನಾಗಸ್ವರ ಬಲ್ಲವರಾದರೂ ಅದರ ಅನುಕರಣೆಗೆ ಹೋಗದೆ ತಮ್ಮ ಊರಿನ ಉಸಿರನ್ನೇ ಉಳಿಸಿಕೊಂಡರು. ಅದು ನನಗೆ ಮೆಚ್ಚುಗೆ. ಮೆಚ್ಚದಿರುವುದು ಅವರ ಅತಿವಿನಯ. ಜಾಸ್ ವಾದಕ ತಾಳದ ಕಟ್ಟಿನೊಡನೆ ಜಗಳವಾಡಬೇಕು. ಇವರು ಕೆಲವೆಡೆ ಚಪ್ಪಲಿ ಬಿಟ್ಟು ಒಳಬಂದ ನೆಂಟರ ಹಾಗೆ ಅಂಚಿನಲ್ಲಿ ಕೂರುತ್ತಾರೆ.

ಜಗಳವೆಲ್ಲ ಲಯವಾದ್ಯಗಳ ಕಡೆಗೇ ಉಳಿದಿದೆ. ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರರ ಖಂಜಿರ, ಇವುಗಳ ನಡುವೆ ಬಾಯಿಯಲ್ಲೇ ಜತಿ ನುಡಿಯುವ ಕೊನ್ನಕೋಲು. ಜಾಸ್ ರಸಿಕರು ಆ ಕ್ಷಣದಲ್ಲಿ ಹುಟ್ಟಿದ್ದಕ್ಕೆ ತಲೆದೂಗುತ್ತಾರೆ. ಇಲ್ಲಿ ಆ ಕ್ಷಣದಲ್ಲಿ ಹುಟ್ಟಿದ್ದೂ ಲೆಕ್ಕ ತಪ್ಪದೆ ಸಮಕ್ಕೆ ಬಂದು ಬೀಳಬೇಕು. ಕೇಳುವವನಿಗೆ ಎದೆ ಡವಡವ.

ನಮ್ಮ ಬೀದಿಯಲ್ಲಿ ಅರಗಿನ ಬೊಂಬೆ ಮಾಡುವ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ಅವರನ್ನೂ ಕೂರಿಸಿಕೊಂಡು ಕೇಳಿದೆ. ಜತಿ ಬಂದಾಗ ಅವರ ಬೆರಳು ತಾನಾಗಿ ಮಂಡಿಯ ಮೇಲೆ ಆಡತೊಡಗಿತು. ಆಮೇಲೆ ಹುಬ್ಬು ಗಂಟಿಕ್ಕಿ, “ಮೇಷ್ಟ್ರೇ, ಆ ಮಡಕೆ ಯಾಕೋ ಬಾವಿಯೊಳಗಿಂದ ಕೇಳಿಸ್ತದಲ್ಲ?” ಎಂದರು. ನಾನು ಒಂದು ಪುಟ ಬರೆದು ಹೇಳಬೇಕೆಂದಿದ್ದ ಆಕ್ಷೇಪಣೆ ಅದೇ. ಇಸಿಎಂನವರ ಮುದ್ರಣಕ್ಕೆ ವಿಶಾಲವಾದ ಅನುರಣನದ ಮೇಲೆ ಪ್ರೀತಿ. ರಮಾಮಣಿಯವರ ಕಂಠಕ್ಕೆ ಅದು ಒಪ್ಪುತ್ತದೆ, ಸ್ಯಾಕ್ಸೋಫೋನಿಗೂ ಒಪ್ಪುತ್ತದೆ. ಘಟಕ್ಕೆ ಒಪ್ಪದು. ಸುಟ್ಟ ಮಣ್ಣಿನ ಮೇಲೆ ಉಗುರು ತಾಗುವ ಆ ಒಣ ಸದ್ದು ಪಕ್ಕದಲ್ಲಿ ಕೂತವನಿಗೆ ಕೇಳುವಂತೆ ಕೇಳಬೇಕಿತ್ತು.

ಹಿರಿಯರು ಎದ್ದು ಹೋಗುವಾಗ ಕೇಳಿದ್ದು ಸ್ಯಾಕ್ಸೋಫೋನಿನ ಮಾತನ್ನಲ್ಲ. “ಆ ತಾಯಿ ಹಾಡಿದ್ದನ್ನ ಇನ್ನೊಂದ್ಸಲ ಹಾಕಿ” ಎಂದರು. ಹಾಕಿದೆ.