ಚಾರ್ಟು ಬಿಟ್ಟುಬಿಟ್ಟ ಸಾಲು

ಕಾಫಿ ತೋಟದವರು ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಹಳೆಯ ರೂಢಿ. ಆ ಲೆಕ್ಕವನ್ನು ಈಗ ಎಕ್ಸೆಲ್‌ನಲ್ಲಿ ಇಡುವವರಿದ್ದಾರೆ. ಮಾರ್ಚ್‌ವರೆಗಿನ ಅಂಕಿ ತುಂಬಿ ಚಾರ್ಟು ಹಾಕಿದಿರಿ. ಏಪ್ರಿಲ್‌ನ ಹೂಮಳೆಯನ್ನು ಕೆಳಗಿನ ಸಾಲಿಗೆ ಸೇರಿಸಿದಿರಿ. ಚಾರ್ಟು ಮಿಸುಕುವುದಿಲ್ಲ, ಗೆರೆ ಮಾರ್ಚ್‌ಗೇ ನಿಂತಿರುತ್ತದೆ. ಸೊನ್ನೆಯಿಂದ ಭಾಗಿಸಿದರೆ ತಕ್ಷಣ ತಪ್ಪು ತೋರಿಸುವ ತಂತ್ರಾಂಶ, ಒಂದಿಡೀ ತಿಂಗಳು ಚಿತ್ರದಿಂದ ಹೊರಗುಳಿದಾಗ ತುಟಿ ಬಿಚ್ಚುವುದಿಲ್ಲ. ಎಕ್ಸೆಲ್ ಚಾರ್ಟಿನ ದೋಷಗಳಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು. ನೋಡುವವರಿಗೆ ಚಿತ್ರ ಪೂರ್ತಿಯಾಗಿಯೇ ಕಾಣುತ್ತದಲ್ಲ!

ಸರಿಪಡಿಸಲು ಹೊರಟರೆ ಇನ್ನೊಂದು ಪೀಕಲಾಟ. ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಲೆಕ್ಟ್ ಡೇಟಾ' ತೆರೆದು, ಸರಣಿಯನ್ನು ಎಡಿಟ್ ಮಾಡಲು ಹೋಗುತ್ತೀರಿ. ಬದಲಾಗಬೇಕಾದದ್ದು ಒಂದೇ ಅಂಕಿ: ಬಿ4 ಹೋಗಿ ಬಿ5 ಆಗಬೇಕು. ಕರ್ಸರನ್ನು ಸರಿಸಲು ಎಡಬಾಣದ ಕೀ ಒತ್ತಿದಿರೋ, ಕರ್ಸರ್ ಸರಿಯುವ ಬದಲು ಯಾವುದೋ ಸೆಲ್ಲಿನ ವಿಳಾಸ ಬಂದು ನಡುವೆ ತೂರಿಕೊಳ್ಳುತ್ತದೆ. ಮೊದಲು ಎಫ್2 ಒತ್ತಬೇಕು. ಆಮೇಲೆ ಬಾಣದ ಕೀಗಳು ಪೆಟ್ಟಿಗೆಯೊಳಗೇ ಓಡಾಡುತ್ತವೆ. ಇದನ್ನು ಆ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಾಲಾಗಿ ಬರೆಯಬಾರದೇಕೆ?

ನಾನಂತೂ ಆ ದಾರಿಯನ್ನೇ ಬಿಟ್ಟಿದ್ದೇನೆ. ಚಾರ್ಟಿನ ಗೆರೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡಿ. ಅಲ್ಲಿ ಸೀರೀಸ್ ಎಂಬ ಸೂತ್ರ ಇರುತ್ತದೆ: ಹೆಸರು, ಅಡ್ಡ ಅಕ್ಷದ ಪಟ್ಟಿ, ಅಂಕಿಗಳು, ಸರದಿ. ಸಾಮಾನ್ಯ ಚಾರ್ಟಿನ ಪ್ರತಿ ಗೆರೆಯ ಹಿಂದೆ ಇರುವುದು ಇಷ್ಟೇ. ಅಲ್ಲೇ ತಿದ್ದಿ ಎಂಟರ್ ಒತ್ತಿದರೆ ಮುಗಿಯಿತು. ಅದೇ ಶೀಟಿನಲ್ಲಿರುವ ಅಂಕಿಗಳ ಸುತ್ತ ಬಣ್ಣದ ಚೌಕಟ್ಟೂ ಮೂಡುತ್ತದೆ. ಅದರ ಮೂಲೆ ಹಿಡಿದು ಕೆಳಗೆಳೆದರೂ ಆಯಿತು. ಇಷ್ಟು ಸೊಗಸಾದ ವ್ಯವಸ್ಥೆಯನ್ನು ಒಳಗಿಟ್ಟುಕೊಂಡು ಜನರನ್ನು ಆ ಪೆಟ್ಟಿಗೆಯತ್ತ ಅಟ್ಟುವುದು ಅನ್ಯಾಯ. 1983ರ ಸ್ಪ್ರೆಡ್‌ಶೀಟ್ ತಂತ್ರಾಂಶ ಲೋಟಸ್ 1-2-3ರ ಚಾರ್ಟಿಗೆ ಎಕ್ಸ್ ಒಂದು, ಎ ಇಂದ ಎಫ್‌ವರೆಗೆ ಆರು, ಇಷ್ಟೇ ವ್ಯಾಪ್ತಿಗಳು. ಒಂದೊಂದನ್ನೂ ಕೈಯಾರೆ ಕೊಡಬೇಕಿತ್ತು, ನಿಜ. ಆದರೆ ಯಾವುದು ಎಲ್ಲಿಂದ ಬಂತೆಂಬ ಗೊಂದಲವಿರಲಿಲ್ಲ.

ಹೊಸದಾಗಿ ಶುರು ಮಾಡುವವರು ಚಾರ್ಟಿಗೂ ಮೊದಲು ಅಂಕಿಗಳನ್ನು ಆರಿಸಿ ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿಕೊಳ್ಳಲಿ. ಟೇಬಲ್‌ಗೆ ಸಾಲು ಸೇರಿದಂತೆ ಚಾರ್ಟೂ ಬೆಳೆಯುತ್ತದೆ. ಫಿಲ್ಟರ್ ಹಾಕಿ ಸಾಲು ಅಡಗಿಸಿದರೆ ಮಾತ್ರ ಅದು ಚಾರ್ಟಿನಿಂದಲೂ ಮಾಯ. 'ಹಿಡನ್ ಅಂಡ್ ಎಂಪ್ಟಿ ಸೆಲ್ಸ್' ಆಯ್ಕೆಯಲ್ಲಿ ಅದನ್ನು ತಡೆಯಬಹುದು. ಟೇಬಲ್ ಬದಲು ಆಫ್‌ಸೆಟ್ ಸೂತ್ರಕ್ಕೊಂದು ಹೆಸರು ಕೊಟ್ಟು ಚಾರ್ಟಿಗೆ ಕಟ್ಟುವ ಉಪಾಯವನ್ನು ಬಲ್ಲವರು ಮೆಚ್ಚುತ್ತಾರೆ. ನಾನು ಒಪ್ಪುವುದಿಲ್ಲ. ನಾಳೆ ಆ ಫೈಲು ತೆರೆಯುವ ಮಗನಿಗೋ ರೈಟರಿಗೋ ಗೆರೆ ಎಲ್ಲಿಂದ ಹುಟ್ಟಿತೆಂದು ತಿಳಿಯದಿದ್ದರೆ, ಆ ಜಾಣತನ ತೋಟಕ್ಕೆ ಬೇಡ.