ಎಂಟು ದೀಪ ಹೊತ್ತಿದರೆ ಸಾಲದು

ಕ್ಯಾಟ್-8 ಎಂಬ ನೆಟ್‌ವರ್ಕ್ ಕೇಬಲ್ಲಿಗೆ ಈಗ ಸಿಗುತ್ತಿರುವ ಮರ್ಯಾದೆ ಅತಿಯಾಯಿತು. ಮೇಲೆ ಅಚ್ಚಾದ ಅಂಕಿ ದೊಡ್ಡದಾದಷ್ಟೂ ನೆಟ್‌ವರ್ಕ್ ಜೋರಾಗಿ ಓಡುತ್ತದೆ ಎಂಬ ನಂಬಿಕೆ ಯೂಟ್ಯೂಬಿನಿಂದ ಅಂಗಡಿಗೆ, ಅಂಗಡಿಯಿಂದ ಕೊಟೇಶನ್ನಿಗೆ ಇಳಿದಿದೆ. ಕ್ಯಾಟ್-8 ಕೆಟ್ಟ ಸರಕೇನೂ ಅಲ್ಲ. 40 ಗಿಗಾಬಿಟ್ ಸಾಗಿಸುತ್ತದೆ, ಆದರೆ 30 ಮೀಟರಿನೊಳಗೆ, ಡೇಟಾ ಸೆಂಟರಿನ ಸರ್ವರಿಗೂ ಸ್ವಿಚ್ಚಿಗೂ ನಡುವೆ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂಥ ಹೋಬಳಿ ಊರಿನ ಶಾಲೆಗೋ ಕೊಬ್ಬರಿ ವ್ಯಾಪಾರಿಯ ಮಳಿಗೆಗೋ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಕ್ಯಾಟ್-7 ಅಂತೂ ಅಮೆರಿಕದ ಮಾನದಂಡ ಸಂಸ್ಥೆ ಟಿಐಎ ಒಪ್ಪದೇ ಬಿಟ್ಟ ವರ್ಗ. ಅದಕ್ಕೆಂದೇ ಮಾಡಿದ ಕನೆಕ್ಟರು ಬೇರೆ; ಮಾಮೂಲಿ ಆರ್‌ಜೆ-45 ಪ್ಲಗ್ ಸಿಕ್ಕಿಸಿದರೆ 600 ಮೆಗಾಹರ್ಟ್ಸಿನ ಭರವಸೆ ಪ್ಲಗ್ಗಿನಲ್ಲೇ ಮುಗಿಯಿತು.

ಆ ಪ್ಲಗ್ಗಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೇಬಲ್ಲಿನ ಎಂಟು ತಂತಿಗಳು ನಾಲ್ಕು ಜೋಡಿ. ಪ್ರತಿ ಜೋಡಿಯ ಹುರಿಯೇ ಪಕ್ಕದ ಜೋಡಿಯ ಸಂಕೇತ ಇದಕ್ಕೆ ನುಗ್ಗದಂತೆ ಕಾಯುತ್ತದೆ. ತುದಿಗೆ ಪ್ಲಗ್ ಕ್ರಿಂಪ್ ಮಾಡುವಾಗ ಹುರಿ ಬಿಚ್ಚಲೇಬೇಕು, ಆದರೆ 13 ಮಿಲಿಮೀಟರಿಗಿಂತ ಹೆಚ್ಚಲ್ಲ. ಅವಸರದ ಕೈ ಎರಡು ಬೆರಳಗಲ ಬಿಚ್ಚುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಬಣ್ಣದ ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಜೋಡಿಸುವುದು ಯಾರಿಗಾದರೂ ಸಹಜವೆನಿಸುತ್ತದೆ. ನಿಯಮ ಹಾಗಿಲ್ಲ: ನಡುವಿನ 4-5 ಒಂದು ಜೋಡಿ, ಅದರ ಆಚೀಚೆಯ 3-6 ಇನ್ನೊಂದು. ಟೆಲಿಫೋನಿನ ಕಾಲದಿಂದ ಬಂದ ಕ್ರಮ ಇದು. ಸಾಲಾಗಿ ಜೋಡಿಸಿದರೆ 3ನೇ ಮತ್ತು 6ನೇ ಪಿನ್ನಿನ ತಂತಿಗಳು ಬೇರೆ ಬೇರೆ ಹುರಿಗೆ ಸೇರುತ್ತವೆ, ಹುರಿಯ ಕಾವಲು ತಪ್ಪುತ್ತದೆ. ಆದರೂ ಅಗ್ಗದ ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪಗಳು ಕ್ರಮವಾಗಿ ಹೊತ್ತುತ್ತವೆ. ತಂತಿ ಎಲ್ಲೂ ತುಂಡಾಗಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಯಾವ ತಂತಿ ಯಾರೊಂದಿಗೆ ಹೊಸೆದುಕೊಂಡಿದೆ ಎಂಬುದು ಅದಕ್ಕೆ ಕಾಣದು. ನಾಲ್ಕು ಮೀಟರಿನಲ್ಲಿ ಕೆಲಸ ನಡೆದುಬಿಡುತ್ತದೆ. ನಲವತ್ತು ಮೀಟರಿಗೆ ಹೋದರೆ ಗಿಗಾಬಿಟ್ ನಿಲ್ಲುವುದಿಲ್ಲ, ಬೈಗುಳ ಮಾತ್ರ ರೌಟರಿಗೆ ಬೀಳುತ್ತದೆ. ‘ಟೆಸ್ಟರ್ ಪಾಸ್’ ಎಂಬುದನ್ನೇ ತೀರ್ಪು ಮಾಡಿಕೊಂಡವರೊಂದಿಗೆ ನನ್ನ ಜಗಳ ಇದೇ.

ತಾಮ್ರದ ಕಾಲವೇ ಮುಗಿಯಿತು ಎನ್ನುವವರೂ ಇದ್ದಾರೆ. ಭಾರತ್‌ನೆಟ್ ಯೋಜನೆ ಪಂಚಾಯಿತಿ ಬಾಗಿಲಿಗೆ ಫೈಬರ್ ತರುವುದನ್ನು ತೋರಿಸಿ ಅವರು ವಾದಿಸುತ್ತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರೇ ಸರಿ, ಒಪ್ಪುತ್ತೇನೆ; ಸಿಡಿಲಿನ ಹೊಡೆತ ಅದರಲ್ಲಿ ಹರಿಯದು. ಆದರೆ ಗೋಡೆಯ ಮೇಲಿನ ಕ್ಯಾಮೆರಾಕ್ಕೂ ವೈಫೈ ಪೆಟ್ಟಿಗೆಗೂ ಅದೇ ತಂತಿಯಲ್ಲಿ ಕರೆಂಟೂ ಹೋಗಬೇಕು. ಅದನ್ನು ಗಾಜಿನ ಎಳೆ ಕೊಡುವುದಿಲ್ಲ.

ಕರೆಂಟಿನ ಮಾತು ಬಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರ ಹೊದಿಸಿದ ‘ಸಿಸಿಎ’ಯನ್ನು ಕ್ಷಮಿಸಲಾಗದು. ಅದರ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು; ಬಿಸಿಯಾಗುತ್ತದೆ, ಬಾಗಿಸಿದರೆ ಮುರಿಯುತ್ತದೆ, ಯಾವ ಕ್ಯಾಟ್ ಮಾನದಂಡಕ್ಕೂ ನಿಲ್ಲದು. ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಇಡೀ ಡಬ್ಬ ವಾಪಸು ಕೊಡಬೇಕು.

ಗಿಗಾಬಿಟ್ಟಿಗೆ 100 ಮೀಟರ್‌ವರೆಗೆ ಶುದ್ಧ ತಾಮ್ರದ ಕ್ಯಾಟ್-5ಇ ಸಾಕು. ಈ ಮಾನದಂಡ 1999ರಿಂದಲೂ ಇದೆ. ಹೊಸದಾಗಿ ಎಳೆಸುವವರು ಕ್ಯಾಟ್-6 ಹಾಕಿಸಲಿ, 55 ಮೀಟರಿನೊಳಗೆ ಅದು 10 ಗಿಗಾಬಿಟ್ಟನ್ನೂ ಹೊರುತ್ತದೆ. ಅದಕ್ಕೂ ದೂರ ಅಷ್ಟೇ ವೇಗ ಬೇಕಿದ್ದರೆ ಕ್ಯಾಟ್-6ಎ. ಉಳಿದ ದುಡ್ಡನ್ನು ತುದಿಗೆ ಹಾಕಬೇಕು: ಗೋಡೆಯೊಳಗಿನ ಗಟ್ಟಿ ತಂತಿ ಜ್ಯಾಕಿನಲ್ಲಿ ಮುಗಿಯಲಿ, ಅಲ್ಲಿಂದ ಕಂಪ್ಯೂಟರಿಗೆ ಕಾರ್ಖಾನೆಯಲ್ಲೇ ತಯಾರಾದ ಪ್ಯಾಚ್ ಕಾರ್ಡ್ ಬರಲಿ.